ಜುಲೈ ಹದಿನಾರರ ಶುಕ್ರವಾರ

ನನ್ನ ಹೆಂಡತಿ ರೊಸಲಿನ್ ಐರ್ಲೆಂಡ್ ನೋಡಿದವಳಲ್ಲ. ಆದರೆ ಅಲ್ಲಿನ ಮೀನುಗಾರರ ಹಳ್ಳಿಯೊಂದರ ಒಂದು ಮನೆಗೆ ಎಷ್ಟು ಮೆಟ್ಟಿಲು ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ: ಹತ್ತೊಂಬತ್ತು. ಎಂಟನೆಯದು ಸ್ವಲ್ಪ ಸಡಿಲ, ವಯಸ್ಸಾದವರು ಜಾಗ್ರತೆ. ಬಿಸಿನೀರಿನ ಸ್ವಿಚ್ಚು ಸ್ನಾನಕ್ಕೆ ಅರ್ಧ ಗಂಟೆ ಮೊದಲೇ ಹಾಕಬೇಕು. ಕಸದ ಚೀಲ ಹೊರಗಿಟ್ಟರೆ ಕಡಲಹಕ್ಕಿ ಹರಿದುಹಾಕುತ್ತದೆ. ಸಣ್ಣ ಕೋಣೆಯ ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ಅದಕ್ಕೇ ಕಪಾಟಿನಲ್ಲಿ ಇನ್ನೊಂದು ಕಂಬಳಿ ಇಟ್ಟಿದೆ. ಇಷ್ಟನ್ನೂ ಅವಳು ಅಬುಧಾಬಿಯ ಖಾಲಿದಿಯಾದಲ್ಲಿ, ಎಸಿ ಗೊರಗುಟ್ಟುವ ನಮ್ಮ ಎರಡು ಕೋಣೆಯ ಮನೆಯಲ್ಲಿ ಕುಳಿತು ಬರೆದು ತಿಳಿಸುತ್ತಿದ್ದಳು.

ಆ ಮನೆ ಡಾಕ್ಟರ್ ಫಿನ್‌ಬಾರ್ ಅವರದು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅವರು ಮೂಳೆ ಡಾಕ್ಟರ್, ರೊಸಲಿನ್ ಅವರ ಸೆಕ್ರೆಟರಿ. ಅವರ ಊರಿನ ಸಣ್ಣ ಬಂದರಿನ ಬದಿಯಲ್ಲಿ ಹಿಂದೆ ಬಲೆ ಇಡುತ್ತಿದ್ದ ಹಳೆಯ ಕಟ್ಟಡ, ಅದರ ಮೇಲಂತಸ್ತು. ಅದನ್ನು ಅಪಾರ್ಟ್‌ಮೆಂಟ್ ಮಾಡಿಸಿ, ರಜೆಗೆ ಬರುವವರಿಗೆ ವಾರವಾರಕ್ಕೆ ಬಾಡಿಗೆಗೆ ಕೊಡುತ್ತಿದ್ದರು. 2012ರಲ್ಲಿ ಒಮ್ಮೆ, ಬಂದ ಮೇಲ್‌ಗಳಿಗೆ ಸ್ವಲ್ಪ ಉತ್ತರ ಕೊಡುತ್ತೀಯಾ ಎಂದು ಇವಳನ್ನು ಕೇಳಿದರು. ಬೆರಳು ತೋರಿಸಿದರೆ ಹಸ್ತ ನುಂಗುವವರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಬೆರಳು ಕೇಳಿದರೆ ಹಸ್ತವನ್ನೇ ಕೊಡುವವಳು ರೊಸಲಿನ್ ಒಬ್ಬಳೇ. ಮೂರೇ ತಿಂಗಳಲ್ಲಿ ಆ ಮನೆಯ ಉಸ್ತುವಾರಿ ಪೂರ್ತಿ ಅವಳ ಕೈಗೆ ಬಂತು.

ಬರೆಯುತ್ತಿರುವ ನಾನು ರುಡೊಲ್ಫ್ ಪಾಯ್ಸ್. ಅಲ್ ರೀಮ್ ಐಲ್ಯಾಂಡಿನ ಕಟ್ಟಡ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಇಷ್ಟೇ: ಕಾಗದಗಳಿಗೆ ನಂಬರು ಹಾಕುವುದು, ಹಳೆಯ ನಕ್ಷೆ ತೆಗೆದು ಅದೇ ಜಾಗದಲ್ಲಿ ಹೊಸದನ್ನು ಇಡುವುದು. ಈ ವಿದ್ಯೆಯನ್ನು ಒಮ್ಮೆ ಮನೆಯಲ್ಲೂ ಬಳಸಿದೆ. ಆ ಕತೆ ಹೇಳಲಿಕ್ಕೇ ಕುಳಿತಿದ್ದೇನೆ.

ರೊಸಲಿನ್ ಮಲ್ಪೆ ಹತ್ತಿರದ ತೊಟ್ಟಂನವಳು. ಅಪ್ಪ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ಮಧ್ಯಾಹ್ನದ ಬುತ್ತಿ ಒಯ್ಯುವುದು ಇವಳ ಪಾಲಿನ ಕೆಲಸ. ಉಡುಪಿಯಲ್ಲಿ ಟೈಪಿಂಗ್ ಕಲಿತು, 2001ರಲ್ಲಿ ದುಬೈಗೆ ಬಂದು, ದೇರಾದಲ್ಲಿ ಒಂದೇ ಕೋಣೆಯಲ್ಲಿ ಎಂಟು ಹುಡುಗಿಯರ ಜೊತೆ ಮಲಗಿ ಎದ್ದವಳು. ಅಲ್ಲಿನ ಟೈಪಿಂಗ್ ಅಂಗಡಿಯಿಂದ ಒಂದು ಅಭ್ಯಾಸ ಅವಳಿಗೆ ಅಂಟಿಕೊಂಡಿತು. ಒಂದು ಬದಿ ಖಾಲಿ ಇರುವ ಯಾವ ಕಾಗದವನ್ನೂ ಎಸೆಯುವುದಿಲ್ಲ. ನಾಲ್ಕು ತುಂಡು ಮಾಡಿ ಕ್ಲಿಪ್ಪು ಹಾಕಿ ಇಡುತ್ತಾಳೆ. ನಮ್ಮ ಮನೆಯ ಸಾಮಾನಿನ ಚೀಟಿಗಳೆಲ್ಲ ಅದರ ಮೇಲೆಯೇ. ನಾನು ಅವಳನ್ನು ರದ್ದಿ ರಾಣಿ ಎಂದು ಕರೆಯುತ್ತಿದ್ದೆ.

ಆ ದೂರದ ಮನೆಯ ಬೀಗದ ಕೈ ಇದ್ದದ್ದು ಎದುರು ಮನೆಯ ಬ್ರೀಡಾ ಎಂಬ ಅಜ್ಜಿಯ ಹತ್ತಿರ. ಗಂಡ ದೋಣಿಯವನು, ತೀರಿಹೋಗಿದ್ದ. ಮಗ ದೂರದ ಪಟ್ಟಣದಲ್ಲಿ. ಬ್ರೀಡಾ ಮನೆ ಗುಡಿಸಿ, ಹಾಸಿಗೆ ಬದಲಿಸಿ, ಬಂದವರಿಗೆ ಕೀಲಿ ಕೊಟ್ಟು, ಜೊತೆಗೆ ತಾನೇ ಸುಟ್ಟ ರೊಟ್ಟಿಯನ್ನೂ ಕೊಡುವವಳು. ಪ್ರತಿ ಸೋಮವಾರ ರೊಸಲಿನ್ ಫೋನ್ ಮಾಡಿ ಆ ವಾರ ಯಾರು ಬರುತ್ತಾರೆಂದು ತಿಳಿಸಬೇಕಿತ್ತು. ಎರಡು ನಿಮಿಷದ ವಿಷಯ, ಮುಕ್ಕಾಲು ಗಂಟೆಯ ಮಾತು. ಅಲ್ಲಿಯೂ ಬೇಸಿಗೆಯಲ್ಲಿ ಬಂಗುಡೆ ರಾಶಿ ಬೀಳುತ್ತದಂತೆ. ಅದಕ್ಕೆ ಬೆಣ್ಣೆ ಹಾಕಿ ಹುರಿಯುತ್ತಾರೆಂದು ಕೇಳಿ ಇವಳು ಎದೆ ಬಡಿದುಕೊಂಡಳು.

“ಬಂಗುಡೆಗೆ ಬೆಣ್ಣೆ! ದೇವರು ಮೆಚ್ಚುದಿಲ್ಲ ಮಾರಾಯ್ರೆ!”

ನಮ್ಮೊಳಗಿನ ಮಾತು ಕೊಂಕಣಿ, ಬಂದವರ ಎದುರು ಮತ್ತು ಸಿಟ್ಟು ಬಂದಾಗ ಕರಾವಳಿ ಕನ್ನಡ. ಮರುವಾರವೇ ಡಾಕ್ಟರರ ಪೆಟ್ಟಿಗೆಯಲ್ಲಿ ಒಂದು ಬಾಟ್ಲಿ ಮೀನಿನ ಮಸಾಲೆ ಐರ್ಲೆಂಡಿಗೆ ಹೋಯಿತು.

2016ರ ಆರಂಭದಲ್ಲಿ ನಾನು ದೊಡ್ಡ ಉಪಕಾರ ಮಾಡಲು ಹೊರಟೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ನೋಡಿ, “ಇದೆಂತ ಹಳೇ ಕಾಲದ್ದು? ನಾನು ಎಕ್ಸೆಲ್ ಶೀಟ್ ಮಾಡಿ ಕೊಡ್ತೇನೆ” ಎಂದೆ. ಡಾಕ್ಟರರ ಬಳಿಯಿದ್ದ ಐರಿಷ್ ಕ್ಯಾಲೆಂಡರಿನಿಂದ ತಾರೀಕುಗಳನ್ನು ಎತ್ತಿ ನನ್ನ ಆಫೀಸಿನ ನಮೂನೆಯಲ್ಲಿ ಕೂರಿಸಿದೆ. ಬಣ್ಣ ಹಾಕಿದೆ, ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದೆ, ಬಂದವರಿಗೆಲ್ಲ ತೋರಿಸಿದೆ. ಆದರೆ ಅವರ ಕ್ಯಾಲೆಂಡರಿನ ಮೊದಲ ಸಾಲು ಸೋಮವಾರ. ನಮ್ಮಲ್ಲಿ ಶುಕ್ರವಾರ, ಶನಿವಾರ ರಜೆ, ವಾರ ಶುರುವಾಗುವುದು ಆದಿತ್ಯವಾರ. ನನ್ನ ನಮೂನೆಯ ಮೊದಲ ಸಾಲೂ ಅದೇ. ಹೀಗೆ ಇಡೀ ವರ್ಷದ ತಾರೀಕುಗಳು ಒಂದೊಂದು ದಿನ ಹಿಂದೆ ಸರಿದು ಕುಳಿತವು, ಶನಿವಾರದ್ದು ಶುಕ್ರವಾರದ ಕೆಳಗೆ. ಆರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಬರುವವರೆಲ್ಲ ತಾರೀಕು ಹೇಳುವವರು, ಇವಳೂ ಅದನ್ನೇ ಬ್ರೀಡಾಳಿಗೆ ಹೇಳುವವಳು.

ಜುಲೈಯಲ್ಲಿ ಎರಡು ಸಣ್ಣ ಮಕ್ಕಳ ಒಂದು ಸಂಸಾರ ಫೋನ್ ಮಾಡಿ, ಮೂರನೇ ಶುಕ್ರವಾರ ಬರುತ್ತೇವೆ ಎಂದಿತು. ರೊಸಲಿನ್ ಫ್ರಿಜ್ಜಿನ ಕಡೆ ತಿರುಗಿ ಮೂರನೇ ಶುಕ್ರವಾರ ನೋಡಿದಳು. ಹದಿನಾರು ಎಂದಿತ್ತು. ಬ್ರೀಡಾಳಿಗೆ ಹದಿನಾರು ಎಂದಳು. ನಿಜವಾದ ಶುಕ್ರವಾರ ಹದಿನೈದು. ಆ ದಿನ ಬ್ರೀಡಾ ಕೀಲಿಯನ್ನು ಕೈಚೀಲದಲ್ಲಿ ಹಾಕಿಕೊಂಡು ತಂಗಿಯ ಊರಿಗೆ ಹೋಗಿದ್ದಳು. ಆ ಸಂಸಾರ ಮಳೆಯಲ್ಲಿ, ಕಾರಿನೊಳಗೆ, ಐದು ಗಂಟೆ ಕುಳಿತಿತು. ನಾವು ಒಂದು ನಾಮಕರಣಕ್ಕೆಂದು ದುಬೈಯಲ್ಲಿದ್ದೆವು. ಫೋನ್ ಚೀಲದೊಳಗೆ ಹೊಡೆದುಕೊಂಡು ಸುಮ್ಮನಾಗಿತ್ತು.

ಮರುದಿನ ಶನಿವಾರ ಡಾಕ್ಟರರ ಫೋನ್ ಬಂತು. ದೂರು ನೇರ ಅವರಿಗೇ ಹೋಗಿತ್ತು. ಬ್ರೀಡಾ ಹದಿನಾರು ಎಂದು ಬರೆದುಕೊಂಡಿದ್ದಾಳೆ, ನೀನು ಏನು ಹೇಳಿದ್ದೆ ಎಂದು ಕೇಳಿದರು. ನೋಡಿ ನಾಳೆ ಹೇಳುತ್ತೇನೆ ಎಂದಳು ಇವಳು. ಕೈ ಹಿಟ್ಟಿನಲ್ಲಿತ್ತು.

“ಆ ಶೀಟಲ್ಲಿ ಮೂರನೇ ಶುಕ್ರವಾರ ಎಷ್ಟು ಉಂಟು, ಸ್ವಲ್ಪ ನೋಡಿ ಹೇಳಿ.”

ನೋಡಿದೆ. ಶುಕ್ರವಾರದ ಕೆಳಗೆ ಹದಿನಾರು. ಆದರೆ ಇವತ್ತು ಶನಿವಾರ, ಹದಿನಾರು ಇವತ್ತೇ. 

“ಹದಿನೈದು ಉಂಟು” ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

“ಹೌದಾ? ನಾನು ಹದಿನಾರು ಹೇಳಿದ ಹಾಗೆ ನೆನಪು.”

“ಶೀಟಲ್ಲಿ ಹದಿನೈದು ಇರುವಾಗ ನೀನು ಹದಿನಾರು ಹೇಗೆ ಹೇಳ್ತಿ ಮಾರಾಯ್ತಿ? ಅಜ್ಜಿಗೆ ಎಪ್ಪತ್ತೆಂಟು. ಮರೆತಿರ್ತಾರೆ. ಹದಿನೈದು ಹೇಳಿದ್ದೆ ಅಂತ ಡಾಕ್ಟರಿಗೆ ಹೇಳು. ಖಲಾಸ್.”

ಅವಳು ಮಗಳು ಶೆರಿಲ್‌ಳನ್ನು ಕರೆತರಲು ಕೆಳಗೆ ಹೋದಳು. ಹತ್ತು ನಿಮಿಷದಲ್ಲಿ ತಾರೀಕು ಸರಿಪಡಿಸಿ ಹೊಸ ಪ್ರಿಂಟ್ ತೆಗೆದು ಅಂಟಿಸಿದೆ. ಹಳೆಯದನ್ನು ಎಲ್ಲಿ ಹಾಕುವುದೆಂದು ತೋಚದೆ ಕೈಗೆ ಸಿಕ್ಕ, ಇನ್ನೂ ಕತ್ತರಿಸದ ರದ್ದಿ ಕಟ್ಟಿನ ಅಡಿಗೆ ತುರುಕಿದೆ.

ನನಗೂ ನನ್ನ ಕಾರಣಗಳಿದ್ದವು. ಆ ತಿಂಗಳು ಕಂಪನಿಯಲ್ಲಿ ಹನ್ನೆರಡು ಜನರನ್ನು ತೆಗೆದಿದ್ದರು. ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಸುದ್ದಿ. ಇಬ್ಬರ ಕೆಲಸವೂ ಹೋದರೆ ಏನು ಗತಿ? ಹೀಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳುತ್ತೇನೆ, ಅದು ಅರ್ಧ ಕಾರಣ. ಉಳಿದರ್ಧ, ಊರಿಗೆಲ್ಲ ತೋರಿಸಿದ ಶೀಟು ತಪ್ಪು ಎಂದು ಹೆಂಡತಿಯ ಎದುರು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು.

ಮರುದಿನ ರೊಸಲಿನ್ ಡಾಕ್ಟರರಿಗೆ, ಹದಿನೈದು ಎಂದೇ ಹೇಳಿದ್ದೆ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬ್ರೀಡಾಳಿಂದ ಕೀಲಿ ತೆಗೆದುಕೊಂಡರು. ಬಾಗಿಲ ಪಕ್ಕ ನಂಬರ್ ಒತ್ತಿದರೆ ತೆರೆಯುವ ಕೀಲಿ ಪೆಟ್ಟಿಗೆ ಬಂತು, ಗುಡಿಸಲು ಪಟ್ಟಣದಿಂದ ಜನ ಬಂದರು. ಸೋಮವಾರದ ಫೋನಿಗೆ ನೆಪವೇ ಇಲ್ಲದಾಯಿತು. ಒಂದೆರಡು ಬಾರಿ ರೊಸಲಿನ್ ಸುಮ್ಮನೆ ಮಾಡಿದಳು. ಮಾತು ಹವಾಮಾನದಲ್ಲೇ ನಿಂತಿತು. ಆಮೇಲೆ ಮಾಡಲಿಲ್ಲ. ಸೋಮವಾರ ಸಂಜೆ ಫೋನ್ ಕೈಯಲ್ಲಿ ಹಿಡಿದು ಮತ್ತೆ ಕೆಳಗಿಡುವುದನ್ನು ನಾನು ನೋಡಿದ್ದೇನೆ. ಶುಕ್ರವಾರದ ಪೂಜೆಗೆ ಹೋದಾಗ ಪಾಪನಿವೇದನೆಗೆ ನಿಂತು, ಸಿಟ್ಟು, ಸೋಮಾರಿತನ, ಕೆಟ್ಟ ಮಾತು ಎಲ್ಲವನ್ನೂ ಪಾದ್ರಿಗಳಿಗೆ ಹೇಳಿದೆ. ಇದೊಂದನ್ನು ಬಿಟ್ಟೆ.

2017ರ ಕ್ರಿಸ್ಮಸ್‌ಗೆ ಎರಡು ದಿನ ಮೊದಲು, ಹಬ್ಬದ ಕರ್ಜಿಕಾಯಿ, ನಮ್ಮ ನೆವ್ರಿ, ಕರಿಯುತ್ತಾ ರೊಸಲಿನ್ ತಟ್ಟನೆ ಫೋನ್ ತೆಗೆದು ಬ್ರೀಡಾಳಿಗೆ ಮಾಡಿದಳು. ಕೈಯೆಲ್ಲ ಎಣ್ಣೆ, ಆದ್ದರಿಂದ ಸ್ಪೀಕರ್ ಹಾಕಿದಳು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ.

ಬ್ರೀಡಾಳ ಮಾತು ಬಹಳ ನಿಧಾನವಾಗಿತ್ತು. ಒಂದು ಮಾತು ಹೇಳಿ, ಸರಿ ಹೇಳಿದೆನೇ ಎಂದು ಕೇಳುತ್ತಿದ್ದಳು. ಹೇಗಿದ್ದೀರಿ ಎಂದಾಗ, “ನಿನಗೆ ಗೊತ್ತೇ ಇದೆಯಲ್ಲ ಮಗಳೇ, ನನ್ನ ತಲೆ ಕೆಟ್ಟಿದೆ. ಆ ಮಕ್ಕಳನ್ನು ಮಳೆಯಲ್ಲಿ ಕೂರಿಸಿದ ದಿನದಿಂದ ನನ್ನನ್ನು ನಾನು ನಂಬುವುದಿಲ್ಲ” ಎಂದಳು. ಕಾರು ಓಡಿಸುವುದನ್ನು ಬಿಟ್ಟಿದ್ದಳು. ಚರ್ಚಿನ ಬಟ್ಟೆ ಒಗೆಯುವ ಸರದಿಯನ್ನೂ ಬಿಟ್ಟಿದ್ದಳು, ಎಲ್ಲಿ ಮರೆಯುತ್ತೇನೋ ಎಂದು. “ನನ್ನ ಕ್ಯಾಲೆಂಡರಿನಲ್ಲಿ ಹದಿನಾರು ಎಂದು ನನ್ನದೇ ಅಕ್ಷರವಿತ್ತು. ನೀನು ಹದಿನೈದು ಹೇಳಿದ್ದೆ ಎಂದರು. ನೀನು ಸುಳ್ಳು ಹೇಳುವವಳಲ್ಲ. ಹಾಗಾದರೆ ಮರೆತದ್ದು ನಾನೇ ತಾನೆ?” ಮಗ ಜನವರಿಯಲ್ಲಿ ಅವಳನ್ನು ಒಂದು ವೃದ್ಧಾಶ್ರಮಕ್ಕೆ ಸೇರಿಸುವುದೆಂದು ನಿಶ್ಚಯಿಸಿದ್ದ. ಮನೆ ಮಾರುವ ಮಾತೂ ಆಗಿತ್ತು.

ಎಣ್ಣೆಯಲ್ಲಿ ನೆವ್ರಿ ಕಪ್ಪಾಗುತ್ತಿತ್ತು. ನನಗೆ ಕಂಡರೂ ಒಲೆ ಆರಿಸಲು ಕೈ ಏಳಲಿಲ್ಲ.

“ಬ್ರೀಡಾ” ಎಂದಳು ರೊಸಲಿನ್, “ನಾನು ಹದಿನಾರು ಎಂದೇ ಹೇಳಿದ್ದು. ನನಗೆ ಚೆನ್ನಾಗಿ ನೆನಪಿದೆ. ಹೆದರಿ ಬೇರೆ ಹೇಳಿದೆ. ನಿಮ್ಮ ತಲೆಗೆ ಏನೂ ಆಗಿಲ್ಲ.”

 ಬ್ರೀಡಾ ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ.

“ಇದನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸುತ್ತೀಯಾ?” ಎಂದಳು ಬ್ರೀಡಾ. “ನನ್ನ ಮಗನಿಗೆ ತೋರಿಸಬೇಕು.”

ಅಂದು ಮಧ್ಯಾಹ್ನವೇ ರೊಸಲಿನ್ ಮೇಜಿನ ಮುಂದೆ ಕುಳಿತಳು. ಒಳ್ಳೆಯ ಹಾಳೆ ಹಾಳಾಗಬಾರದೆಂದು ಮೊದಲು ರದ್ದಿಯ ಮೇಲೆ ಕರಡು ಬರೆಯುವುದು ಅವಳ ಕ್ರಮ. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹುಡುಕಿದಳು. ನಾನು ಹಿಂದೆ ಮುಂದೆ ಓಡಾಡಿದೆ. “ಡಾಕ್ಟರಿಗೆ ಗೊತ್ತಾದ್ರೆ?” ಎಂದೆ. “ಗೊತ್ತಾಗ್ಲಿ. ಅವರಿಗೂ ಒಂದು ಕಾಪಿ ಕಳಿಸ್ತೇನೆ” ಎಂದಳು. ತಲೆ ಎತ್ತಲಿಲ್ಲ.

ಕಾಗದ ತನ್ನ ಕೆಲಸ ಮಾಡಿತು. ಬ್ರೀಡಾ ಇಂದಿಗೂ ತನ್ನ ಮನೆಯಲ್ಲಿದ್ದಾಳೆ. ಬಂದರಿನವರೆಗೆ ಮಾತ್ರ ಕಾರು ಓಡಿಸುತ್ತಾಳಂತೆ. ಡಾಕ್ಟರ್ ಬೈಯಲಿಲ್ಲ. ಆ ಮನೆಯ ಬುಕಿಂಗನ್ನೆಲ್ಲ ಒಂದು ಏಜೆನ್ಸಿಗೆ ಕೊಟ್ಟರು, ಅಷ್ಟೇ. ಮೊದಲು ಇವಳ ಸಹಿಯಿದ್ದರೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದವರು ಈಗ ಪ್ರತಿ ಪತ್ರವನ್ನೂ ಎರಡು ಬಾರಿ ಓದುತ್ತಾರೆ. ಹದಿನಾರು ವರ್ಷದಲ್ಲಿ ಕಟ್ಟಿದ ಹೆಸರು, ನನ್ನ ಹತ್ತು ನಿಮಿಷಕ್ಕೆ ಹೋಯಿತು. ನನ್ನ ಕೆಲಸ ಮಾತ್ರ ಭದ್ರವಾಗಿ ಉಳಿಯಿತು.

ಆದರೆ ಕಾಗದ ಹೋದ ದಿನದ ಮಾತು ಇನ್ನೂ ಹೇಳಿಲ್ಲ. ಲಕೋಟೆಯನ್ನು ನನ್ನ ಕೈಗೇ ಕೊಟ್ಟಳು, ಪೋಸ್ಟ್ ಮಾಡಿ ಹಾಗೆಯೇ ಮೀನು ತನ್ನಿ ಎಂದು. ಪೋಸ್ಟ್ ಆಫೀಸಿನಲ್ಲಿ ಅಂಟಿಸುವ ಮೊದಲು ಓದಿದೆ. ‘ತಪ್ಪು ತಾರೀಕು ಹೇಳಿದ್ದು ನಾನು. ಆಮೇಲೆ ಸರಿಯಾಗಿ ಹೇಳಿದ್ದೆ ಎಂದು ಸುಳ್ಳು ಹೇಳಿದ್ದೂ ನಾನು.’ ನನ್ನ ಹೆಸರು ಎಲ್ಲೂ ಇರಲಿಲ್ಲ. ಕೆಳಗೆ ಒಂದು ಸಾಲಿಗೆ ಬೇಕಾದಷ್ಟು ಜಾಗವಿತ್ತು, ಕೌಂಟರಿನಲ್ಲಿ ದಾರ ಕಟ್ಟಿದ ಪೆನ್ನೂ ಇತ್ತು. ಅಂಟಿಸಿ ಕೊಟ್ಟುಬಿಟ್ಟೆ.

ಮೀನಾ ಬಂದರಿನ ಮಾರುಕಟ್ಟೆಯಲ್ಲಿ ಚೀಟಿ ತೆಗೆದೆ. ಬಂಗುಡೆ ಎರಡು ಕಿಲೋ, ಸಿಗಡಿ ಒಂದು, ಲಿಂಬೆ, ಕೊತ್ತಂಬರಿ. ಅವಳ ದುಂಡು ಅಕ್ಷರ. ಒದ್ದೆ ಕೈಗೆ ಅಂಟಿದ ಚೀಟಿ ಮಗುಚಿತು. ಹಿಂಬದಿಯಲ್ಲಿ ಬಣ್ಣ ಹಾಕಿದ ಚೌಕಗಳು, ನನ್ನ ಬಣ್ಣ. ಜುಲೈ. ಶುಕ್ರವಾರದ ಕೆಳಗೆ ಹದಿನಾರು.

ಉಳಿದ ಮೂರು ತುಂಡುಗಳಲ್ಲಿ ಬೇಕಾದಷ್ಟು ತಿಂಗಳುಗಳಿದ್ದವು. ಜುಲೈ ಇರುವ ತುಂಡನ್ನೇ ಆರಿಸಿ, ಅದರ ಹಿಂದೆ ಮೀನಿನ ಹೆಸರು ಬರೆದು, ಮಡಚಿ ನನ್ನ ಅಂಗಿಯ ಜೇಬಿಗೆ ಹಾಕಿದ್ದಳು. ಕಾಗದ ಬರೆಯುವ ಹೊತ್ತಿಗೆ ಎಲ್ಲ ತಿಳಿದಿತ್ತು. ತಿಳಿದೂ ‘ನಾನು’ ಎಂದೇ ಬರೆದಿದ್ದಳು. ಸುತ್ತಲೂ ಜನ ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಕೂಗುತ್ತಿದ್ದರು. ಚೀಟಿಯನ್ನು ಮಡಚಿ ಮತ್ತೆ ಜೇಬಿಗೆ ಹಾಕಿ, ಮೀನು ತೂಗಿಸಿಕೊಂಡೆ.

ಮನೆಗೆ ಹೋಗಿ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಮೀನಿನ ಚೀಲವನ್ನು ಸಿಂಕಿನಲ್ಲಿಟ್ಟೆ. ಕೈ ತೊಳೆದು ಒರೆಸಿಕೊಂಡೆ. ಕೊನೆಗೆ ಚೀಟಿಯನ್ನು ಜೇಬಿನಿಂದ ತೆಗೆದು, ಜುಲೈ ಮೇಲೆ ಬರುವಂತೆ, ಅವಳ ಮುಂದಿನ ಕಟ್ಟೆಯ ಮೇಲೆ ಇಟ್ಟು ನಿಂತೆ.

ರೊಸಲಿನ್ ಅದನ್ನು ನೋಡಿದಳು. ನನ್ನನ್ನು ನೋಡಿದಳು.  ನಾನು ಮಾತಾಡಲಿ ಎಂದೇ ಕಾದಳು, ಅದು ನನಗೆ ಗೊತ್ತು. ಆಮೇಲೆ ಚೀಟಿಯನ್ನು ಮಗುಚಿ ಹಾಕಿ, ಪೆನ್ನು ತೆಗೆದು, ಚೀಲದೊಳಗೆ ಇಣುಕಿ ಒಂದೊಂದಕ್ಕೇ ಗುರುತು ಹಾಕತೊಡಗಿದಳು.

“ಬಂಗುಡೆ ಬಂತು. ಸಿಗಡಿ ಬಂತು. ಲಿಂಬೆ ಮರೆತ್ರಾ?”

“ಮರೆತೆ” ಎಂದೆ.