ತೆಂಗಿನ ಮರಕ್ಕೆ ಬಂದ ಪತ್ರ

ನಿಮ್ಮ ಮನೆಯ ಮೇಲಿನ ಟ್ಯಾಂಕಿಗೆ ನೀರೇರಿಸಲು ಮೋಟಾರು ಬೇಕು. ಹಿತ್ತಲಿನ ತೆಂಗಿನ ಮರದ ತಲೆಗೆ ನೀರೇರಿಸುವ ಮೋಟಾರು ಎಲ್ಲಿದೆ, ಹೇಳಿ ನೋಡೋಣ? ಮೊಬೈಲಿನಲ್ಲಿ ಹುಡುಕಬೇಡಿ. ನಾನು ಹುಡುಕಲು ಹೋಗಿಯೇ ಸಿಕ್ಕಿಬಿದ್ದದ್ದು.

ಫೋನಿನಲ್ಲಿ ಟೈಪು ಮಾಡಲು ಕಲಿತ ಹೊಸದರಲ್ಲಿ, ಒಂದೇ ಬೆರಳಿನಿಂದ ಈ ಪ್ರಶ್ನೆಯನ್ನು ಕುಟ್ಟಿದೆ. ಯಾವುದೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪಾಠಗಳು ಸಾಲಾಗಿ ಬಂದವು. ಫೀಸಿಲ್ಲ, ಪರೀಕ್ಷೆಯಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಜ್ಜಿ ನೀನ್ಯಾಕೆ ಬಂದೆ ಎಂದು ಕೇಳುವವರೂ ಇಲ್ಲ. ಊಟವಾದ ಮೇಲೆ ಹೊನ್ನಾಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕೇಳತೊಡಗಿದೆ. ಆದರೆ ಮೇಷ್ಟ್ರು ಕೊನೆಯ ಬಸ್ಸು ತಪ್ಪೀತು ಎನ್ನುವವರಂತೆ ಓಡುತ್ತಿದ್ದರು. ನನ್ನ ತಲೆಯೇ ಮಂದ ಇರಬೇಕು ಎಂದುಕೊಂಡು ಯಜಮಾನರನ್ನು ಕರೆದೆ.

ಅವರು ಮೂವತ್ತು ವರ್ಷ ಚನ್ನಗಿರಿ ಬಸ್ಸಿನ ಕಂಡಕ್ಟರಾಗಿದ್ದವರು. ಆ ಗದ್ದಲದಲ್ಲೂ ಹಿಂದಿನ ಸೀಟಿನ ಮುದುಕಿ ಬಸವಾಪಟ್ಟಣ ಎಂದು ಗೊಣಗಿದರೆ ಹಿಡಿಯುವ ಕಿವಿ. ಆದರೆ ಕೂರುವುದೊಂದು ಆ ಜೀವಕ್ಕೆ ಗೊತ್ತಿಲ್ಲ. ಕೆಲಸ ಬಿಟ್ಟ ಮೇಲೂ ಟೀ ಕುಡಿಯುವುದು ಬಾಗಿಲಲ್ಲಿ ನಿಂತು, ಪೇಪರು ಓದುವುದು ಕಿಟಕಿಗೆ ಒರಗಿ. ಒಂದು ಗಳಿಗೆ ನನ್ನ ಪಕ್ಕ ಕೂತಿರಲಿ ಎಂಬ ಆಸೆ ನನಗೆ ಮದುವೆಯಾದಾಗಿನಿಂದ ಇತ್ತು. ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೆ.

ಅಂದು ಕೂತರು. ಫೋನು ನನ್ನ ಕೈಯಲ್ಲಿ, ಪೆನ್ನು ಅವರ ಕೈಯಲ್ಲಿ. ಕಿವಿಗೆ ಸಿಕ್ಕ ಮಾತನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಗೀಚುವರು, ಬಿಟ್ಟುಹೋದದ್ದನ್ನು ನಾನು ಸೇರಿಸುವೆ. ಪರದೆ ಚಿಕ್ಕದು, ಭುಜಕ್ಕೆ ಭುಜ ತಾಗಲೇಬೇಕು. ಹೀಗೆ ಒಂದು ತಿಂಗಳು ನಡೆಯಿತು. ಒಮ್ಮೆ ಅವರು 'ಎಲೆಗೆ ಪತ್ರ ಬಂದ್ರೆ ನೀರು ಹೋಗುತ್ತೆ' ಎಂದು ಬರೆದಿದ್ದರು. ತೆಂಗಿನ ಮರಕ್ಕೆ ಪತ್ರ ಹಾಕುವವರು ಯಾರು ಎಂದು ಎರಡು ದಿನ ಚರ್ಚೆಯಾಯಿತು. ನಿಮಗೆ ಯಾರೋ ಬರೆದದ್ದನ್ನು ಅಂಚೆಯವನು ತಪ್ಪಿ ಮರಕ್ಕೆ ಕೊಟ್ಟಿರಬೇಕು ಎಂದು ಅವರನ್ನು ಛೇಡಿಸಿದೆ.

ಆಗ ಜಗಳೂರು ಕಡೆಯ ಬಿಳಿಚೋಡಿನಿಂದ ನನ್ನ ತಂಗಿ ಬಂದಳು. ನನಗಿಂತ ಎರಡೇ ವರ್ಷ ಚಿಕ್ಕವಳು, ಫೋನಿನಲ್ಲಿ ಮಾತ್ರ ನನಗೆ ಅಕ್ಕ. ಮೇಷ್ಟ್ರನ್ನು ಅರೆ ನಿಮಿಷ ಕೇಳಿ ನಕ್ಕಳು.

"ಅಕ್ಕಾ, ಇದು ಡಬಲ್ ಸ್ಪೀಡಿನಾಗೈತೆ. ಧಾರಾವಾಹಿ ಬೇಗ ಮುಗಿಸಾಕೆ ನಾನು ಹಿಂಗೇ ಇಡ್ತೀನಿ."

ನನ್ನ ಬೆರಳೇ ಎಲ್ಲೋ ತಾಗಿತ್ತು. ಅವಳು ಸರಿಮಾಡಿದಳು. ಆ ಪತ್ರದ ಪಾಠವನ್ನೇ ಮತ್ತೆ ಹಾಕಿದೆ. ಮೇಷ್ಟ್ರು ಉಸಿರು ತೆಗೆದುಕೊಂಡು ಬಿಡಿಸಿ ಹೇಳಿದರು: ಪತ್ರರಂಧ್ರ. ಪತ್ರವೆಂದರೆ ಎಲೆ, ರಂಧ್ರವೆಂದರೆ ತೂತು. ದಿನಾ ಶಿವನಿಗೆ ಬಿಲ್ವಪತ್ರೆ ಏರಿಸುವ ನನಗೇ ಹೊಳೆದಿರಲಿಲ್ಲ. ಎಲೆಯ ಸಣ್ಣ ತೂತುಗಳಿಂದ ನೀರು ಆವಿಯಾಗಿ ಹೋದಂತೆಲ್ಲ, ಕೆಳಗಿನ ಹನಿಗಳು ಒಂದನ್ನೊಂದು ಹಿಡಿದುಕೊಂಡು ಮೇಲೇರುತ್ತವಂತೆ. ಮೋಟಾರಿಲ್ಲ, ಕೆಳಗಿನಿಂದ ನೂಕುವವರಿಲ್ಲ.

ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು. "ಇನ್ನ ನಿನಗೆ ನನ್ನ ಕೆಲಸಿಲ್ಲ ಬಿಡು," ಎಂದು ಹೋಗಿ ಬಾಗಿಲಲ್ಲಿ ನಿಂತರು.

ತಂಗಿ ಊರಿಗೆ ಹೋದಳು. ಮೂರು ದಿನ ಒಬ್ಬಳೇ ಕೇಳಿದೆ. ಎಲ್ಲವೂ ಅರ್ಥವಾಗುತ್ತಿತ್ತು, ಯಾವುದೂ ರುಚಿಸಲಿಲ್ಲ. ನಾಲ್ಕನೆಯ ದಿನ ತಂಗಿ ಒತ್ತಿದ ಜಾಗವನ್ನೇ ಹುಡುಕಿ ಒತ್ತಿದೆ. ಮೇಷ್ಟ್ರು ಮತ್ತೆ ಓಟ ಕಿತ್ತರು. ಫೋನು ಕೆಟ್ಟಿದೆ, ಒಂದೂ ತಿಳಿಯುತ್ತಿಲ್ಲ ಎಂದು ಬಾಗಿಲ ಕಡೆಗೆ ಕೂಗಿ ಹೇಳಿದೆ.

ಅವರು ಬಂದು ಫೋನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ತಾವೇ ಒತ್ತಿ ಮೇಷ್ಟ್ರನ್ನು ನಿಧಾನ ಮಾಡಿದರು. ಕ್ಯಾಲೆಂಡರಿನ ಹಾಳೆ ಎಳೆದುಕೊಂಡು ಪಕ್ಕದಲ್ಲಿ ಕೂತು ಹೇಳಿದರು:

"ಆ ಮೇಷ್ಟ್ರನ್ನ ಯಾಕೆ ಓಡಿಸ್ತಿ? ಪಕ್ಕದಾಗೆ ಸೀಟೈತೆ ಬರ್ರಿ ಅಂದಿದ್ರೆ ನಾನೇ ಬರ್ತಿದ್ನಲ್ಲ."