ಬಾಳೆನಾರಿನ ಉಂಡೆ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಕಪ್ಪು ಗೆರೆಯಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ಮೈಸೂರಿನ ಕಡೆ ವಿಮಾನ ಹಾರಿಸುವುದನ್ನು ಕಲಿಸುವ ಒಂದು ಶಾಲೆಯಲ್ಲಿ ಪುಟ್ಟ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಿದ್ದರು. ಹುಣಸೂರಿನ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ.

ಎಣ್ಣೆಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಮೂಸಿ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದರಂತೆ. ಅಡುಗೆಮನೆಯಲ್ಲೂ ಅದೇ ಚಾಳಿ. ಒಗ್ಗರಣೆ ಎಣ್ಣೆ ಒಂದು ತೊಟ್ಟು ಬೆರಳಿಗೆ ಹಚ್ಚಿಕೊಂಡು, "ನಿನ್ನೆ ಇದ್ರಲ್ಲೇ ಅಪ್ಳ ಕರ್ದಿದ್ದೆ ಅಲ್ವೇನವ್ವ?" ಎನ್ನುವರು.

"ನಿಮ್ಮ ಮುಂದೆ ಕಳ್ಳತನ ಮಾಡೋಕಾಯ್ತದಾ ಮಾವ?" ಎಂದು ನಗುತ್ತಿದ್ದೆ.

ಮದುವೆಯಾದ ವರ್ಷ ಆಯುಧಪೂಜೆಗೆ ನನ್ನನ್ನೂ ಕರೆದೊಯ್ದರು. ಎಲ್ಲರೂ ರೆಕ್ಕೆಗೆ, ಪ್ರೊಪೆಲ್ಲರಿಗೆ ಕುಂಕುಮವಿಟ್ಟರು. ಎಂಜಿನ್ನಿನ ಕೆಳಗೆ ಸಣ್ಣ ಪೈಪೊಂದು ಬೋಳಾಗಿ ಇಣುಕುತ್ತಿತ್ತು. ಪಾಪ, ಇದಕ್ಕೊಂದು ಹೂವಿಲ್ಲವಲ್ಲ ಎನಿಸಿತು. ಸೇವಂತಿಗೆ ನಿಲ್ಲಲಿ ಅಂತ ಬಾಳೆನಾರನ್ನು ಉಂಡೆ ಸುತ್ತಿ ಬೆರಳುದ್ದ ಒಳಕ್ಕೆ ಬಿಗಿಯಾಗಿ ತುರುಕಿ, ಹೂ ಸಿಕ್ಕಿಸಿ, ಕೈಮುಗಿದೆ.

ಹಬ್ಬ ಮುಗಿದು ಕೆಲಸ ಶುರುವಾದ ಸಂಜೆ ಮಾವನವರು ಮಂಕಾಗಿ ಊಟಕ್ಕೆ ಕೂತರು. ಏನಾಯಿತೆಂದು ಕೇಳಿದೆ.

"ಹೂವೆಲ್ಲ ತೆಗ್ದು, ನೆಲದ ಮೇಲೇ ನಿಲ್ಸಿ ಎಂಜಿನ್ ಓಡಿಸ್ದೆ ಕಣವ್ವ. ಪ್ರೊಪೆಲ್ಲರ್ ಹಿಂದಿಂದ ಎಣ್ಣೆ ಸುರೀತು. ಎಣ್ಣೆ ತಡೆಯೋ ಸೀಲ್ ಕೆಟ್ಟದೆ, ಬೇರೆ ಆಕಿ ಬುಡಾನ ಅಂತಾರೆ ಎಲ್ರೂವೆ. ಮೊನ್ನೆ ಮೊನ್ನೆ ನಾನೇ ಆಕಿದ್ ಸೀಲು, ಸುಮ್ಸುಮ್ನೆ ಯಾಕ್ ಕೆಡ್ತದೆ? ಎಂಜಿನ್‌ಗೆ ಉಸಿರು ಕಟ್ಟುದ್ರೆ ಅಂಗೆ ಎಣ್ಣೆ ನೂಕ್ತದೆ. ಕೆಳಗಡೆ ಉಸಿರಾಡೋ ಪೈಪದೆ, ಅದರ ಬಾಯ್ನೂ ನೋಡ್ದೆ. ಏನೂ ಕಾಣ್ನಿಲ್ಲ. ನಾಳೆ ಬೆಳಿಗ್ಗೆ ಒಂದು ಹೆಣ್ಮಗ ಮೊದ್ಲನೇ ಸಲ ಒಬ್ಳೇ ಅದ್ರಲ್ಲಿ ಮೇಲಕ್ಕೆ ಓಗ್ಬೇಕು."

ಸಾರು ಬಡಿಸುತ್ತಿದ್ದ ನನ್ನ ಕೈ ನಿಂತಿತು. ಹೇಳದಿದ್ದರೆ ಯಾರಿಗೂ ತಿಳಿಯದು. ಹೇಳಿದರೆ, ಹೊಸ ಸೊಸೆ ಬಂದು ಮಾವನ ಅನ್ನಕ್ಕೇ ಕಲ್ಲು ಹಾಕಿದಳು ಎನ್ನುತ್ತಾರೆ. ದೇವರ ಗೂಡಿನ ದೀಪ ನೋಡಿದೆ.

"ಮಾವ, ಆ ಪೈಪಿನೊಳಕ್ಕೆ ನಾನು ಬಾಳೆನಾರು ತುರುಕಿದ್ದೆ."

ಮಾವನವರು ಎಡಗೈಯಲ್ಲೇ ಫೋನ್ ಹಿಡಿದು, "ನಾನ್ ಬಂದು ಪೈಪ್ ಬಿಚ್ಚೋಗಂಟ ಆ ವಿಮಾನ ಮುಟ್ಬೇಡ್ರಲಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸಾರು ಬುಡವ್ವ, ಮುದ್ದೆ ಆರೋಯ್ತದೆ" ಎಂದರು. ಅಷ್ಟೇ.

ಆ ಹುಡುಗಿ ಎರಡು ದಿನ ತಡವಾಗಿ ಹಾರಿ, ಕ್ಷೇಮವಾಗಿ ಇಳಿದಳು. ನಾನು ತುಪ್ಪದ ದೀಪ ಹಚ್ಚಿದೆ. ಮುಂದೆ ಪ್ರತಿ ಆಯುಧಪೂಜೆಗೂ ಮಾವನವರು ಹೂವಿನ ಬುಟ್ಟಿ ನನ್ನ ಕೈಗೇ ಕೊಟ್ಟು, "ಮುಡಿಸವ್ವ. ತುರುಕ್ಬೇಡ" ಎನ್ನುತ್ತಿದ್ದರು.

ಹೋದ ವರ್ಷ ನಿದ್ದೆಯಲ್ಲೇ ಹೋಗಿಬಿಟ್ಟರು. ನರಳಲಿಲ್ಲ, ಅದೂ ದೇವರ ದಯೆಯೇ. ತಿಥಿಗೆ ಬಂದ ಅವರ ಜೊತೆಗಾರರೊಬ್ಬರು ನನಗೊಂದು ಮಾತ್ರೆ ಡಬ್ಬಿ ಕೊಟ್ಟರು. ಒಳಗೆ ಎಣ್ಣೆ ಕುಡಿದು ಕಪ್ಪಾಗಿದ್ದ ಬಾಳೆನಾರಿನ ಉಂಡೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಮಾವನವರು ಅದನ್ನು ತೋರಿಸುತ್ತಿದ್ದರಂತೆ.

"ತುರುಕಿದ್ ಯಾರು ಅಂದ್ರೆ ಕೊನೇಗಂಟ ಬಾಯಿ ಬುಡ್ನಿಲ್ಲ ಕಣಮ್ಮ," ಎಂದರು ಅವರು. "'ಹೇಳಿದ್ ಮಾತ್ರ ನಮ್ ಸೊಸೆ' ಅಂತಿದ್ರು."