ಉತ್ತರ ಬಾರದ ಎರಡು ಸೆಕೆಂಡು

ಒಲೆ ಮೇಲಿನ ಹಾಲು ಇಳಿಸಿದೆಯಾ, ಗ್ಯಾಸ್ ಆಫ್ ಮಾಡಿದೆಯಾ ಎಂದು ಚೆಂಬೂರು ಸ್ಟೇಷನ್ನಿನಿಂದ ಮನೆಗೆ ಫೋನ್ ಮಾಡುವ ಗಂಡಸರಲ್ಲಿ ನಾನೂ ಒಬ್ಬ. ಹೆಂಡತಿ ಫೋನ್ ಎತ್ತದಿದ್ದರೆ ಗ್ಯಾಸ್ ಉರಿಯುತ್ತಲೇ ಇದೆ ಎಂದು ನನ್ನ ತೀರ್ಮಾನ. ಅವಳು ಸ್ನಾನಕ್ಕೆ ಹೋಗಿರಬಹುದು, ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತಿರಬಹುದು ಎಂಬುದು ಹೊಳೆಯುವುದೇ ಇಲ್ಲ. "ದಿನಾ ಕೇಳ್ಬೇಡಿ. ಏನಾದ್ರೂ ಆದ್ರೆ ನಾನೇ ಫೋನ್ ಮಾಡ್ತೀನಿ" ಎಂದು ಎಷ್ಟೋ ಸಲ ಹೇಳಿದ್ದಾಳೆ. ಹಾಗೆ ಹೇಳುವವರ ಮೇಲೆಯೇ ನನಗೆ ಹೆಚ್ಚು ಅನುಮಾನ.

ಸ್ವಭಾವಕ್ಕೆ ತಕ್ಕ ಕೆಲಸವೇ ಸಿಕ್ಕಿತ್ತು. ಬಾಂದ್ರಾದ ನಮ್ಮ ಸಣ್ಣ ಆಫೀಸಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬುಗಳಿಗಾಗಿ ಪ್ರೋಗ್ರಾಮ್ ಬರೆಯುತ್ತೇವೆ. ರೋಗಿಗಳ ವರದಿ ಹೊರಗೆ ಸೋರದಂತೆ, ಕಂಪ್ಯೂಟರಿನ ಕಾವಲು ನೆಟ್ಟಗಿದೆಯೇ ಎಂದು ನೋಡುವ ಭಾಗ ನನ್ನದು. ಆಂಟಿವೈರಸ್ ಆನ್ ಇದೆಯೇ, ಫೈರ್‌ವಾಲ್ ಇದೆಯೇ ಎಂಬುದೆಲ್ಲ ಆಪರೇಟಿಂಗ್ ಸಿಸ್ಟಮ್ಮಿಗೆ ಗೊತ್ತಿರುತ್ತದೆ; ನಮ್ಮ ಪ್ರೋಗ್ರಾಮ್ ಅದನ್ನು ಕೇಳಿದರಾಯಿತು. ಕೇಳಲು ಎರಡು ದಾರಿ. ಪದೇ ಪದೇ ಕೇಳುತ್ತಲೇ ಇರುವುದು ಒಂದು. ಏನಾದರೂ ಬದಲಾದರೆ ತಿಳಿಸು ಎಂದು ಹೇಳಿಟ್ಟು ಸುಮ್ಮನಿರುವುದು ಇನ್ನೊಂದು. ಎರಡನೆಯದರಲ್ಲಿ ಕಂಪ್ಯೂಟರಿಗೆ ಶ್ರಮ ಕಡಿಮೆ ಎಂದು ಆಫೀಸಿನವರೆಲ್ಲ ಹೇಳಿದರು. ನಾನು ಹತ್ತು ಸೆಕೆಂಡಿಗೊಮ್ಮೆ ಕೇಳುವಂತೆ ಬರೆದೆ. ಎರಡು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ 'ಕಾವಲು ಬಂದ್' ಎಂದು ಕೆಂಪು ಗುರುತು ಬೀಳುವಂತೆಯೂ ಮಾಡಿದೆ.

ಸ್ವಲ್ಪ ದಿನಕ್ಕೆ ವಡಾಲದ ಒಂದು ಲ್ಯಾಬಿನಿಂದ ಕೆಂಪು ಗುರುತು ಬರತೊಡಗಿತು. ದಿನವೂ ಬೆಳಿಗ್ಗೆ ಒಂಬತ್ತರಿಂದ ಹತ್ತರ ನಡುವೆ. ಆ ಹೊತ್ತಿನಲ್ಲಿ ಕಂಪ್ಯೂಟರಿನ ಹತ್ತಿರ ಇರುತ್ತಿದ್ದವರು ಒಬ್ಬರೇ, ಅಲ್ಲಿನ ಟೆಕ್ನಿಷಿಯನ್, ಉಡುಪಿ ಕಡೆಯ ಹೆಂಗಸು. ಯಾರೋ ಬೇಕೆಂದೇ ಕಾವಲು ಆಫ್ ಮಾಡುತ್ತಿದ್ದಾರೆ, ವರದಿಗಳನ್ನು ಕದಿಯುತ್ತಿರಬಹುದು ಎಂದು ಲ್ಯಾಬಿನ ಮಾಲೀಕರಿಗೆ ಮೇಲ್ ಕಳಿಸಿದೆ. 'ಯಾರೋ' ಎಂದದ್ದು ಮರ್ಯಾದೆಗೆ ಮಾತ್ರ. ನೀವೇ ಬಂದು ನೋಡಿ, ನಿಜವಾದರೆ ಆಕೆಯನ್ನು ಅವತ್ತೇ ಕೆಲಸದಿಂದ ತೆಗೆಯುತ್ತೇನೆ ಎಂದರು ಮಾಲೀಕರು.

ಚೆಂಬೂರಿನಿಂದ ಬಾಂದ್ರಾಕ್ಕೆ ಹೋಗುವಾಗ ಹೇಗೂ ವಡಾಲದಲ್ಲಿ ಲೋಕಲ್ ರೈಲು ಬದಲಿಸಬೇಕು. ಒಂದು ಸೋಮವಾರ ಅಲ್ಲಿಯೇ ಹೊರಗೆ ಬಂದೆ. ಲ್ಯಾಬಿನಲ್ಲಿ ಕನ್ನಡದವನೆಂದು ತೋರಿಸಿಕೊಳ್ಳಲಿಲ್ಲ. "ಸಾಫ್ಟ್‌ವೇರ್ ಚೆಕ್ ಕರ್ನಾ ಹೈ" ಎಂದಷ್ಟೇ ಹಿಂದಿಯಲ್ಲಿ ಹೇಳಿ ಆಕೆಯ ಹಿಂದೆ ಸ್ಟೂಲ್ ಹಾಕಿಕೊಂಡು ಕುಳಿತೆ. ಈ ಊರಿನಲ್ಲಿ ಕನ್ನಡ ಬರುವುದನ್ನು ಮುಚ್ಚಿಟ್ಟರೆ ಎಷ್ಟೋ ವಿಷಯ ಕಿವಿಗೆ ಬೀಳುತ್ತದೆ. ಸಾಂಬಾರು ನಿನ್ನೆಯದೆಂದು ಹೋಟೆಲಿನವರು ತಮ್ಮತಮ್ಮಲ್ಲಿ ಮಾತಾಡಿಕೊಂಡದ್ದನ್ನು ಹಾಗೆಯೇ ಕೇಳಿಸಿಕೊಂಡು ಬರೀ ಚಟ್ನಿಯಲ್ಲಿ ಇಡ್ಲಿ ತಿಂದವನು ನಾನು.

ಆಕೆ ಮೇಜನ್ನು ಅಡ್ಡಕ್ಕೆ ತಿರುಗಿಸಿ, ಕಾಯುವವರ ಬೆಂಚಿಗೆ ಕಂಪ್ಯೂಟರಿನ ಪರದೆ ಕಾಣುವಂತೆ ಇಟ್ಟುಕೊಂಡಿದ್ದರು. ನನಗೆ ಅದರಲ್ಲೂ ಏನೋ ಕಿತಾಪತಿ ಕಂಡಿತು. ಅಷ್ಟರಲ್ಲಿ ಆಕೆಯ ಅಕ್ಕನ ಫೋನ್ ಬಂತು.

"ಒಬ್ರು ಬಂದು ಹಿಂದೆ ಕೂತಿದ್ದಾರೆ ಅಕ್ಕ" ಎಂದು ಕನ್ನಡದಲ್ಲಿ, ದನಿ ತಗ್ಗಿಸದೆ ಹೇಳಿದರು. "ಮಾಲೀಕರಿಗೆ ನನ್ನ ಮೇಲೆ ಅನುಮಾನ ಬಂದಿದೆ. ನಾನು ಎಂತ ಮಾಡಿದ್ದೇನೆ ಅಂತ ನಂಗೇ ಗೊತ್ತಿಲ್ಲ. ಎಲ್ಲರೂ ನೋಡ್ಲಿ ಅಂತ ಮೇಜನ್ನೇ ತಿರುಗಿಸಿ ಇಟ್ಟಿದ್ದೇನೆ. ಈ ಕೆಲಸ ಹೋದ್ರೆ ಮಗಳ ಕಾಲೇಜಿಗೆ ಎಂತ ಮಾಡುದು?"

ನಾಟಕ ಇರಬಹುದು ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ.

ಒಂಬತ್ತಾಯಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರಿಂದ ಬೆಂಚು ತುಂಬಿತು. ಪರೀಕ್ಷೆಯ ಯಂತ್ರ, ಪ್ರಿಂಟರ್ ಎಲ್ಲಕ್ಕೂ ಆ ಒಂದೇ ಹಳೆಯ ಕಂಪ್ಯೂಟರ್. ಆಕೆ ಅದರಿಂದ ದೂರದಲ್ಲಿ ನಿಂತು, ಒಬ್ಬ ಮುದುಕರ ತೋಳಿನಲ್ಲಿ ನರ ಹುಡುಕುತ್ತಿದ್ದರು. ಎರಡೂ ಕೈ ನನ್ನ ಕಣ್ಣೆದುರಿಗೇ ಇದ್ದವು. ಆಗ ನನ್ನ ಲ್ಯಾಪ್‌ಟಾಪಿನಲ್ಲಿ ಕೆಂಪು ಗುರುತು ಬಿತ್ತು.

ಎದ್ದು ಹೋಗಿ ಆ ಕಂಪ್ಯೂಟರಿನ ಕಾವಲನ್ನು ನಾನೇ ಪರೀಕ್ಷಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಕೆಲಸ ಮುತ್ತಿಕೊಂಡ ಹೊತ್ತಿನಲ್ಲಿ ಉತ್ತರ ಕೊಡಲು ಅದಕ್ಕೆ ಮೂರು ನಾಲ್ಕು ಸೆಕೆಂಡು ಬೇಕಾಗುತ್ತಿತ್ತು, ಅಷ್ಟೆ. ಹತ್ತು ಸೆಕೆಂಡಿಗೊಮ್ಮೆ ಪೀಡಿಸಿ ಅದನ್ನು ಇನ್ನಷ್ಟು ನಿಧಾನ ಮಾಡುತ್ತಿದ್ದವನೂ ನಾನೇ. ಫೋನ್ ಎತ್ತದ ಹೆಂಡತಿಯ ಮೇಲೆ ಪಡುವ ಅನುಮಾನವನ್ನು ಪ್ರೋಗ್ರಾಮಿಗೂ ಕಲಿಸಿದ್ದೆ. ವರದಿ ಯಾರ ಕಣ್ಣಿಗೂ ಬೀಳಬಾರದೆಂದು ನಾನು ಹಾಕಿದ ಕಾವಲಿಗೆ ಹೆದರಿ, ಆಕೆ ಎಲ್ಲರ ವರದಿಯನ್ನೂ ಬೆಂಚಿನವರಿಗೆ ಕಾಣುವಂತೆ ಇಟ್ಟಿದ್ದರು.

"ತಪ್ಪು ನಂದು, ಮೇಡಮ್" ಎಂದು ಕನ್ನಡದಲ್ಲಿ ಹೇಳಿದೆ. "ಉತ್ತರ ಬರೋದು ತಡ ಆದ್ರೆ ಯಾರೋ ಆಫ್ ಮಾಡಿದ್ದಾರೆ ಅಂತ ಬರ್ಕೊಳ್ಳೋ ಹಾಗೆ ನಾನೇ ಮಾಡಿದ್ದೆ."

ಆಕೆ ಮುದುಕರ ತೋಳಿಗೆ ಒತ್ತಿದ್ದ ಹತ್ತಿಯನ್ನು ಬಿಡಲಿಲ್ಲ. "ನಿಮ್ಗೆ ಕನ್ನಡ ಬರ್ತದಾ?" ಎಂದರು. ಆಮೇಲೆ, "ಗೊತ್ತಿಲ್ಲ ಅಂತ ಬರೀಲಿಕ್ಕೆ ಆಗುದಿಲ್ವಾ ಸರ್ ಅದ್ರಲ್ಲಿ? ಸ್ಯಾಂಪಲ್ ಸರಿ ಬರದಿದ್ರೆ ಇನ್ನೊಮ್ಮೆ ರಕ್ತ ತೆಗೀಬೇಕು ಅಂತ ನಾವು ಬರೀತೇವೆ. ಕಾಯಿಲೆ ಉಂಟು ಅಂತ ಬರೆಯುದಿಲ್ಲ" ಎಂದರು.

ಅಂದೇ ಮಾಲೀಕರಿಗೆ ಇನ್ನೊಂದು ಮೇಲ್ ಬರೆದು ತಪ್ಪು ಒಪ್ಪಿಕೊಂಡೆ. ಆಕೆಯ ಕೆಲಸ ಉಳಿಯಿತು. ಪ್ರೋಗ್ರಾಮನ್ನೂ ತಿದ್ದಿದೆ: ಈಗ ಅದು ಸುಮ್ಮನಿರುತ್ತದೆ, ಬದಲಾವಣೆಯ ಸುದ್ದಿ ಬಂದಾಗ ಮಾತ್ರ ನೋಡುತ್ತದೆ, ಉತ್ತರ ಸಿಗದಿದ್ದರೆ 'ಗೊತ್ತಿಲ್ಲ' ಎಂದು ಬರೆಯುತ್ತದೆ.

ತಿಂಗಳ ನಂತರ ಹೊಸದನ್ನು ಹಾಕಿಕೊಡಲು ಮತ್ತೆ ವಡಾಲಕ್ಕೆ ಹೋದೆ. ಮೇಜು ಮೊದಲಿನ ಜಾಗಕ್ಕೆ ಹೋಗಿತ್ತು. ಈ ಸಲ ಕನ್ನಡದಲ್ಲೇ ನಮಸ್ಕಾರ ಎಂದೆ. ಆಕೆಯೂ ನಕ್ಕು, ಚಹಾ ಬೇಕಾ ಎಂದು ಕೇಳಿದರು. ಅಷ್ಟರಲ್ಲಿ ಆಕೆಯ ಫೋನ್ ರಿಂಗಾಯಿತು. ಆಕೆ ನನ್ನ ಕಡೆ ಒಮ್ಮೆ ನೋಡಿ, ಫೋನ್ ಎತ್ತಿಕೊಂಡು, ಮೆಟ್ಟಿಲಿಳಿದು ರಸ್ತೆಗೆ ಹೋಗಿ ಮಾತಾಡಿ ಬಂದರು.